ದೇವರ ಚಿತ್ತ ಮತ್ತು ನಮ್ಮ ಹೊಣೆ

‘ಎಲ್ಲವೂ ದೇವರ ಚಿತ್ತ’ ಎಂಬ ಮಾತನ್ನು ಸಾವಿನ ಮನೆಗಳಲ್ಲಿ ಕೇಳುತ್ತಲೇ ಬೆಳೆದ ಕ್ರೈಸ್ತರಲ್ಲಿ ನಾನೂ ಒಬ್ಬ. ಸಾಂತ್ವನವಾಗಿ ಅದು ದೊಡ್ಡ ಮಾತು. ಕೈಕಟ್ಟಿ ಕೂರಲು ನೆಪವಾದರೆ ಅದನ್ನು ವಿಶ್ವಾಸವೆನ್ನಲಾಗದು.

ಜರ್ಮನಿಯ ಪಾದ್ರಿ, ದೈವಶಾಸ್ತ್ರಜ್ಞ ಡೀಟ್ರಿಕ್ ಬೊನ್‌ಹಾಫರ್ ಹಿಟ್ಲರನ ಆಡಳಿತವನ್ನು ಆರಂಭದಿಂದಲೇ ವಿರೋಧಿಸಿದವರು. 1939ರ ಜೂನ್‌ನಲ್ಲಿ ಅವರು ನ್ಯೂಯಾರ್ಕ್ ತಲುಪಿದರು. ಅಲ್ಲಿ ಸುರಕ್ಷತೆಯಿತ್ತು, ನೆಮ್ಮದಿಯಿರಲಿಲ್ಲ. ತಮ್ಮ ಉದ್ದೇಶಗಳು ತಮಗೇ ಸ್ಪಷ್ಟವಿಲ್ಲವೆಂದು ದಿನಚರಿಯಲ್ಲಿ ತೋಡಿಕೊಂಡರು. ಆದರೂ, ತನ್ನ ಜನರ ಸಂಕಟದಲ್ಲಿ ಪಾಲುಗೊಳ್ಳದವನಿಗೆ ಯುದ್ಧಾನಂತರ ನಾಡನ್ನು ಮರಳಿ ಕಟ್ಟುವ ಹಕ್ಕಿಲ್ಲವೆಂದು ಬಗೆದು ಜುಲೈನಲ್ಲೇ ಹಿಂದಿರುಗಿದರು. 1943ರಲ್ಲಿ ಸೆರೆ, 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲು. ಎರಡೇ ವಾರಗಳಲ್ಲಿ ಅಮೆರಿಕದ ಸೇನೆ ಆ ಶಿಬಿರವನ್ನು ವಿಮೋಚನೆಗೊಳಿಸಿತು.

ಹಾಗಾದರೆ ಆ ಮರಣ ದೇವರ ಚಿತ್ತವೇ? ಹೌದೆನ್ನಲು ನನ್ನ ನಾಲಿಗೆ ಏಳದು. ಕೊಂದದ್ದು ಹಿಟ್ಲರನ ಆಡಳಿತ. ಬೊನ್‌ಹಾಫರ್ ಹಿಂದಿರುಗಿದ್ದನ್ನು ಮಾತ್ರ ನಾನು ವಿಧೇಯತೆಯೆಂದು ಕರೆಯಬಲ್ಲೆ.

ಗೆತ್ಸೇಮನೆಯ ತೋಟದಲ್ಲಿ ಯೇಸುವೂ ಮೊದಲು ಬೇಡಿಕೊಂಡದ್ದು ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದೇ; ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡದ್ದು ಆನಂತರ. ಅಳುಕನ್ನು ಬಚ್ಚಿಡದ ಆ ಪ್ರಾರ್ಥನೆ ನಮಗೂ ಸಲ್ಲುತ್ತದೆ. ಫಲದ ಖಾತರಿಯಿಲ್ಲದೆಯೂ ನೊಂದವರ ಪಕ್ಕದಲ್ಲಿ ಹೋಗಿ ನಿಲ್ಲುವವನೇ ದೇವರನ್ನು ನಂಬಿದವನು.