ಅಜ್ಜಿಯ ಕೌದಿ, ಮೊಮ್ಮಗಳ ಹಾಸ್ಟೆಲ್ಲು

ಸೊರಬ ತಾಲ್ಲೂಕಿನ ಆನವಟ್ಟಿ ದಾಟಿ ಹಾನಗಲ್ ಮೇಲೆ ಹಾದರೆ ಮುಂಡಗೋಡ ದೂರವೇನಲ್ಲ. ಶಿಕಾರಿಪುರ, ಸೊರಬ ಕಡೆಯ ಕೆಲವು ಮೇಷ್ಟ್ರುಗಳು, ಚರ್ಚಿನ ಬಳಗದವರು, ತಾಂಡಾದಿಂದ ಓದಿ ನೌಕರಿ ಹಿಡಿದ ಒಬ್ಬಿಬ್ಬರು ಸೇರಿ ಅಲ್ಲಿನ ಲೊಯೋಲ ವಿಕಾಸ ಕೇಂದ್ರಕ್ಕೆ ಹೊರಟಾಗ ನಾನೂ ಟೆಂಪೊ ಹತ್ತಿದೆ. ಹಿಂದಿನ ಸೀಟಿನ ಮೇಲೆ ನೋಟ್‌ಬುಕ್ಕು, ಅಕ್ಕಿ ಮೂಟೆ, ಹೊಸ ಬ್ಲಾಂಕೆಟ್ಟುಗಳ ಕಟ್ಟು.

ಯೇಸುಸಭೆಯ ಪಾದ್ರಿಗಳು ನಡೆಸುವ ಈ ಕೇಂದ್ರ ಸಿದ್ದಿ, ಗೌಳಿ, ಲಂಬಾಣಿ ಜನರ ನಡುವೆ ಕೆಲಸ ಮಾಡುತ್ತ ಬಂದಿದೆ. ಸಿದ್ದಿಗಳ ಹಿರಿಯರು ಆಫ್ರಿಕದವರು. ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾಗಳಲ್ಲಿ ನೆಲೆನಿಂತವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇವರ ಮಕ್ಕಳನ್ನು ಓಟಕ್ಕೆಂದು ಆರಿಸಿ ಕರೆದೊಯ್ದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಚರಿತ್ರೆ ಇಷ್ಟು ಸಾಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕೌದಿ.

ಕೇಂದ್ರದ ಹಾಸ್ಟೆಲ್ಲಿನಲ್ಲಿದ್ದ ಮೊಮ್ಮಗಳನ್ನು ನೋಡಲು ಬಂದಿದ್ದ ಸಿದ್ದಿ ಅಜ್ಜಿಯೊಬ್ಬರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ತಳಕ್ಕೆ ಹಳೆಯ ಸೀರೆ. ಅದರ ಮೇಲೆ ಹರಿದ ಅಂಗಿ, ಲಂಗ, ಬಣ್ಣ ಮಾಸಿದ ಯೂನಿಫಾರ್ಮಿನ ತುಂಡುಗಳು. ಹೊಲಿಗೆ ಶುರುವಾಗುವುದು ಅಂಚಿನಿಂದ; ಸುತ್ತು ಬಳಸಿ ಬಳಸಿ ನಡುವಿಗೆ ಬರುತ್ತದೆ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ, ಬಿಳಿ ದಾರ, ಎಲ್ಲೂ ಅಳತೆಪಟ್ಟಿಯಿಲ್ಲ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಕೂರಿಸುವ 'ಫೂಲ' ಇರಲೇಬೇಕು, ಇಲ್ಲದಿದ್ದರೆ ಕೌದಿ ಬತ್ತಲೆಯಾದಂತೆ. ಕ್ರೈಸ್ತ ಹೆಂಗಸರ ಕೌದಿಯಲ್ಲಿ ಶಿಲುಬೆಯ ತುಂಡು ಬರುವುದುಂಟು, ಮುಸ್ಲಿಂ ಹೆಂಗಸರದರಲ್ಲಿ ಅರ್ಧಚಂದ್ರ. ತೊಟ್ಟಿಲ ಕೂಸಿಗೆ ಚಿಕ್ಕದು, ಮನೆಮಂದಿಗೆ ದೊಡ್ಡದು. ನಮ್ಮ ಬ್ಲಾಂಕೆಟ್ಟನ್ನು ಅಜ್ಜಿ ಮುಟ್ಟಿ ನೋಡಿ, ಬೆಚ್ಚಗಿದೆ ಎಂದು ಒಪ್ಪಿದರು. ಆದರೆ ಅದರೊಳಗೆ ಯಾರ ಸೀರೆಯೂ ಇಲ್ಲವಲ್ಲ ಎಂದು ನಕ್ಕರು.

ಆ ಹೊಲಿಗೆ ನೋಡುತ್ತ ಮಕ್ಕಳಿಗೆ ಕಸುಬು ಕಲಿಸುತ್ತಿದ್ದ ಇನ್ನೊಂದು ಮಿಶನ್ ನೆನಪಾಯಿತು. ದಕ್ಷಿಣ ಆಫ್ರಿಕದ ಡರ್ಬನ್ ಬಳಿ ಜುಲು ಮಕ್ಕಳಿಗಾಗಿ ದುಡಿದ ಮರಿಯನ್‌ಹಿಲ್ ಎಂಬ ಕ್ಯಾಥೊಲಿಕ್ ಮಠವಿದೆ. 1882ರಲ್ಲಿ ಟ್ರ್ಯಾಪಿಸ್ಟ್ ಸಂನ್ಯಾಸಿಗಳು ಕಟ್ಟಿದ್ದು. ಬ್ಯಾರಿಸ್ಟರ್ ಗಾಂಧಿ ಅಲ್ಲಿಗೆ ಹೋಗಿ ಬಂದು 1895ರಲ್ಲಿ ಮೆಚ್ಚಿ ಬರೆದರು. ಬಡಗಿತನ, ಚಮ್ಮಾರಿಕೆ, ಹೊಲಿಗೆ ಎಲ್ಲವನ್ನೂ ಅಲ್ಲಿ ಮಿಶನ್ ಕಲಿಸುತ್ತಿತ್ತು. ಮುಂಡಗೋಡದಲ್ಲಿ ನಾನು ಕಂಡ ಈ ಮೊಮ್ಮಗಳ ಕೌದಿ ಕಸುಬಾದರೋ ಮನೆಯಿಂದ ಅವಳ ಜೊತೆಗೇ ಟ್ರಂಕಿನಲ್ಲಿ ಬಂದಿತ್ತು.

ಹಾಸ್ಟೆಲ್ಲು ಯಾಕೆ ಬೇಕು ಎಂಬುದನ್ನು ನಮ್ಮ ತಂಡದ ತಾಂಡಾದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಶಿಕಾರಿಪುರದ ತಾಂಡಾಗಳಿಂದ ಜನ ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ ಗುಳೆ ಹೋದಾಗ ಮಕ್ಕಳ ಹಾಜರಿಯೂ ಅವರ ಹಿಂದೆಯೇ ಹೋಗುತ್ತದೆ. ಸಿದ್ದಿ ಮಕ್ಕಳಿಗೆ ಇನ್ನೂ ಒಂದು ತೊಡಕು: ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲಿ ಕನ್ನಡ. ಜೊತೆಗೆ ಗುಂಗುರು ಕೂದಲು ಹಿಡಿದೆಳೆದು ಹಂಗಿಸುವವರು. ಊಟ, ದೀಪ, ರಾತ್ರಿ ಓದಿಗೆ ಕೂರಿಸುವ ಒಬ್ಬರು ಇದ್ದರೆ ಏಳನೇ ಇಯತ್ತೆಗೆ ನಿಲ್ಲುವ ಮಗು ಪಿಯುಸಿ ದಾಟುತ್ತದೆ. ಇದನ್ನು ಒಂದು ದಿನ ಬಂದು ಹೋಗುವ ನಮ್ಮಂಥವರ ಬಿಸ್ಕತ್ತು ಮಾಡಲಾರದು, ವರ್ಷವಿಡೀ ತೆರೆದ ಬಾಗಿಲು ಮಾಡುತ್ತದೆ.

ಅಜ್ಜಿಯ ತಕರಾರು ಬೇರೆ. ಈಗಿನ ಹಳೇ ಬಟ್ಟೆಯೆಲ್ಲ ಪಾಲಿಯೆಸ್ಟರ್, ಸೂಜಿ ನಿಲ್ಲುವುದಿಲ್ಲ. ಹತ್ತಿ ಸೀರೆ ಸಿಗುವುದಿಲ್ಲ. ಮುಂದಿನ ಸಲ ಬ್ಲಾಂಕೆಟ್ಟಿನ ಬದಲು ಮನೆಮನೆಯ ಹಳೆಯ ಹತ್ತಿ ಸೀರೆ ಒಟ್ಟುಮಾಡಿ ತರೋಣವೇ ಎಂದು ವಾಪಸು ಬರುವಾಗ ಮಾತೆದ್ದಿತು. ಕೆಲವರು ಒಪ್ಪಿದರು. ಬಡವರಿಗೆ ಉಟ್ಟು ಬಿಟ್ಟದ್ದನ್ನು ಕೊಡುವುದು ಮರ್ಯಾದೆಯಲ್ಲ ಎಂದು ಉಳಿದವರು ಹಿಂಜರಿದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಸೀರೆಯನ್ನಾದರೂ ಹೇಗೋ ಹೊಂದಿಸಬಹುದು. ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕೂತು ಹೊಲಿಯಲು ಬಿಡುವು ಸಿಗುವುದು ರಜೆಯಲ್ಲಿ ಮಾತ್ರ, ಮತ್ತು ಆ ಹುಡುಗಿ ಬರುವ ವರ್ಷ ಎಸ್ಸೆಸ್ಸೆಲ್ಸಿ.