ಐದನೇ ದಿನದ ನಾಯಿ

ಆಪರೇಷನ್ ಮುಗಿಸಿ ಮನೆಗೆ ಕರೆತಂದ ನಾಯಿಯನ್ನು ಮೊದಲ ರಾತ್ರಿ ಮನೆಮಂದಿಯೆಲ್ಲ ಕಾಯುತ್ತಾರೆ. ಒಬ್ಬರು ಹಳೇ ಕಂಬಳಿ ಹಾಸುತ್ತಾರೆ, ಇನ್ನೊಬ್ಬರು ಬಟ್ಟಲಲ್ಲಿ ನೀರಿಡುತ್ತಾರೆ, ಮಕ್ಕಳು ಬಾಗಿಲ ಸಂದಿಯಿಂದ ಇಣುಕುತ್ತಾರೆ. ನಾಯಿ ಸಣ್ಣಗೆ ನರಳಿದರೂ ಎಲ್ಲರಿಗೂ ಎಚ್ಚರ. ಐದನೇ ದಿನದ ಹೊತ್ತಿಗೆ ಚಿತ್ರವೇ ಬದಲಾಗಿರುತ್ತದೆ. ಬಾಲ ಆಡುತ್ತಿದೆ, ಅನ್ನದ ತಟ್ಟೆ ಖಾಲಿಯಾಗಿದೆ, ಗೇಟಿನ ಸದ್ದಾದರೆ ಒಂದೇ ಓಟ. ಮನೆಯವರಿಗೆ ನಿರಾಳ. ‘ಪಾಪ, ಇನ್ನೆಷ್ಟು ದಿನ ಇದಕ್ಕೆ ಹಿಂಸೆ’ ಎಂದು ಕೊರಳಿನ ಕಾಲರ್ ಬಿಚ್ಚುತ್ತಾರೆ. ಹೊಲಿಗೆ ಬಿಟ್ಟುಕೊಂಡ ನಾಯಿಯನ್ನು ಎತ್ತಿಕೊಂಡು ಮತ್ತೆ ಆಸ್ಪತ್ರೆಗೆ ಓಡುವ ಪ್ರಸಂಗಗಳು ಹುಟ್ಟುವುದು ಇಂಥ ಹೊತ್ತಿನಲ್ಲೇ.

ನಾಯಿಯ ಉತ್ಸಾಹ ಬೇಗ ಮರಳುತ್ತದೆ. ಗಾಯಕ್ಕೆ ಅದರದೇ ಪಂಚಾಂಗವಿದೆ, ಅದು ನಿಧಾನವಾಗಿ ಸಾಗುತ್ತದೆ. ನೋವುಂಡ ನಾಯಿಯ ಆರೈಕೆ ಎಂದರೆ ಈ ಎರಡರ ನಡುವಿನ ದಿನಗಳನ್ನು ಜೋಪಾನವಾಗಿ ದಾಟಿಸುವುದು.

ಗಾಯದ ಪಂಚಾಂಗ

ಮನೆಯ ಹೆಣ್ಣುನಾಯಿಗೆ ಸಾಮಾನ್ಯವಾಗಿ ಮಾಡಿಸುವ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಹೊಟ್ಟೆಯ ನಡುಗೆರೆಯಲ್ಲಿ ಕೊಯ್ದು ಅಂಡಾಶಯ, ಗರ್ಭಕೋಶಗಳನ್ನು ತೆಗೆದ ಮೇಲೆ ವೈದ್ಯರು ಪದರ ಪದರವಾಗಿ ಹೊಲಿಯುತ್ತಾರೆ. ಮೊದಲು ಹೊಟ್ಟೆಯ ಗೋಡೆ, ಆಮೇಲೆ ಚರ್ಮದಡಿಯ ಕೊಬ್ಬಿನ ಪದರ, ಕೊನೆಗೆ ಚರ್ಮ. ನಮ್ಮ ಕಣ್ಣಿಗೆ ಕಾಣುವುದು ಕೊನೆಯ ಹೊಲಿಗೆ ಮಾತ್ರ. ಕರುಳಿನ ಭಾರವನ್ನೆಲ್ಲ ಹೊತ್ತಿರುವ ಹೊಲಿಗೆ ಅದರ ಕೆಳಗಿದೆ. ಸೋಫಾದಿಂದ ಧುಮುಕಿದಾಗ ಎಳೆತ ಬೀಳುವುದು ಆ ಒಳಹೊಲಿಗೆಯ ಮೇಲೆ.

ಕೊಯ್ದ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ಸಂದು ಮುಚ್ಚುತ್ತದೆ. ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಮೊದಲ ತಂಡ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಹಿಂದೆಯೇ ಬರುವ ದೊಡ್ಡ ಕಣಗಳು ಸತ್ತ ಜೀವಕೋಶಗಳನ್ನು ನುಂಗಿ ಜಾಗ ತೆರವು ಮಾಡುತ್ತವೆ. ಮೊದಲ ಎರಡು ಮೂರು ದಿನ ಗಾಯದ ಅಂಚು ಕೆಂಪಗಿದ್ದು, ಮುಟ್ಟಿದರೆ ಬೆಚ್ಚಗಿದ್ದು, ತುಸು ಬಾತಿದ್ದರೆ ಅದು ಈ ಕೆಲಸದ ಗುರುತು. ಮೂರರಿಂದ ಐದನೇ ದಿನದೊಳಗೆ ನಾರುಕೋಶಗಳು ಬಂದು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ನೇಯತೊಡಗುತ್ತವೆ, ಅವುಗಳ ಜೊತೆಗೇ ಹೊಸ ಲೋಮನಾಳಗಳು ಚಿಗುರುತ್ತವೆ.

ಅಂದರೆ ಮೊದಲ ನಾಲ್ಕೈದು ದಿನ ಗಾಯಕ್ಕೆ ತನ್ನದೇ ಬಲ ಇಲ್ಲವೆನ್ನುವಷ್ಟು ಕಡಿಮೆ. ಎರಡು ಅಂಚುಗಳನ್ನು ಹಿಡಿದಿಟ್ಟಿರುವುದು ದಾರವೊಂದೇ. ಚರ್ಮದ ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14ನೇ ದಿನಕ್ಕೆ. ಮೂರು ವಾರ ಕಳೆದಾಗಲೂ ಕೂಡಿಕೊಂಡ ಚರ್ಮದ ಬಲ ಮೊದಲಿನ ಶೇ 20ರಷ್ಟು. ತಿಂಗಳುಗಳು ಉರುಳಿದ ಮೇಲೂ ಅದು ಶೇ 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೂಳೆ ಮುರಿದಿದ್ದರೆ ಲೆಕ್ಕ ಇನ್ನೂ ಉದ್ದ, ಬೆಳೆದ ನಾಯಿಗೆ ಎರಡು ಮೂರು ತಿಂಗಳೇ ಬೇಕಾಗಬಹುದು. ಗೇಟಿನತ್ತ ಓಡಿದ ಐದನೇ ದಿನದ ನಾಯಿ ಒಳಗೆ ಹೇಗಿರುತ್ತದೆ ಎಂದು ಈಗ ಊಹಿಸಬಹುದು.

ಅದಕ್ಕೇ ಮೆಟ್ಟಿಲು, ಮಂಚ, ಚೆಂಡಿನಾಟ ಎರಡು ವಾರ ಬೇಡ. ಮಲಮೂತ್ರಕ್ಕೆ ಹಗ್ಗ ಹಿಡಿದು ಹತ್ತು ಹೆಜ್ಜೆ ನಡೆಸಿದರೆ ಸಾಕು. ಹೆಚ್ಚು ಓಡಾಡಿದ ನಾಯಿಯಲ್ಲಿ ಚರ್ಮದ ಪದರಗಳು ಒಂದರ ಮೇಲೊಂದು ಜಾರಿ, ನಡುವೆ ನೀರು ತುಂಬಿ, ಹೊಲಿಗೆಯಡಿ ಮೆತ್ತನೆಯ ಗಡ್ಡೆ ಏಳುವುದುಂಟು.

ಬಾಯಿಲ್ಲದ ನೋವು

ನಾಯಿ ನೋವಾದರೆ ಕುಂಯ್‌ಗುಡುತ್ತದೆ, ಸುಮ್ಮನಿದ್ದರೆ ನೋವಿಲ್ಲ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ನೋವು ಹೆಚ್ಚಿರುವ ಎಷ್ಟೋ ನಾಯಿಗಳು ಸದ್ದೇ ಮಾಡುವುದಿಲ್ಲ. ಮೂಲೆಗೆ ಸರಿಯುತ್ತವೆ, ಗೋಡೆ ನೋಡುತ್ತಾ ಕೂರುತ್ತವೆ, ಕರೆದರೆ ಕಣ್ಣಷ್ಟೇ ಹೊರಳಿಸುತ್ತವೆ. ಹೊಟ್ಟೆನೋವಿನ ನಾಯಿ ಕೆಲವೊಮ್ಮೆ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೂರಿ, ಹಿಂಭಾಗವನ್ನಷ್ಟೇ ಎತ್ತಿ ನಮಸ್ಕರಿಸುವಂತೆ ನಿಲ್ಲುತ್ತದೆ. ಆಟಕ್ಕೆ ಕರೆಯುವ ಭಂಗಿಯೂ ಇದೇ ರೀತಿ ಕಾಣುತ್ತದೆ. ಕಣ್ಣಿನಲ್ಲಿ ಹೊಳಪಿದೆಯೇ, ಬಾಲ ಆಡುತ್ತಿದೆಯೇ ಎಂದು ನೋಡಿ ಬೇರ್ಪಡಿಸಬೇಕು.

ಹೇಳಿಕೊಳ್ಳಲಾಗದ ಈ ನೋವನ್ನು ಅಳೆಯಲು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದ ಪಶುವೈದ್ಯರು ಒಂದು ಮಾಪಕ ರೂಪಿಸಿದ್ದಾರೆ. ಅದರ ಸಂಕ್ಷಿಪ್ತ ರೂಪ 2007ರಲ್ಲಿ ಪ್ರಕಟವಾಯಿತು. ನಾಯಿ ಮಾಡುವ ಸದ್ದು, ಗಾಯದ ಕಡೆ ಅದರ ಗಮನ, ಎದ್ದು ನಡೆಯುವ ರೀತಿ, ಗಾಯದ ಸುತ್ತ ಮೆಲ್ಲಗೆ ಒತ್ತಿದಾಗಿನ ಪ್ರತಿಕ್ರಿಯೆ, ಮನಃಸ್ಥಿತಿ, ಮೈಯ ಭಂಗಿ ಎಂಬ 6 ವಿಭಾಗಗಳಲ್ಲಿ ಒಟ್ಟು 24 ಅಂಕ. 6 ಅಂಕ ಮುಟ್ಟಿದರೆ ನೋವುಶಾಮಕ ಬೇಕೇ ಎಂದು ವೈದ್ಯರು ಯೋಚಿಸುತ್ತಾರೆ. ಮನೆಯಲ್ಲಿ ಅಂಕ ಹಾಕದಿದ್ದರೂ ಈ ಆರು ಸಂಗತಿಗಳನ್ನು ಬೆಳಿಗ್ಗೆ ಸಂಜೆ ಗಮನಿಸಿ ಬರೆದಿಡಬಹುದು. ವೈದ್ಯರಿಗೆ ಫೋನ್ ಮಾಡಿದಾಗ ‘ಒಂಥರಾ ಇದೆ’ ಎನ್ನುವುದಕ್ಕಿಂತ ‘ನಿನ್ನೆ ಎದ್ದು ನಡೆಯುತ್ತಿತ್ತು, ಇವತ್ತು ಏಳಲು ಒಪ್ಪುತ್ತಿಲ್ಲ’ ಎನ್ನುವುದು ಹತ್ತು ಪಟ್ಟು ಉಪಯುಕ್ತ.

ನೋವನ್ನು ತಡೆಯುವುದು ಮರುಕದ ಮಾತಷ್ಟೇ ಅಲ್ಲ, ಅದು ಚಿಕಿತ್ಸೆಯ ಭಾಗ. ಗಾಯಗೊಂಡ ಅಂಗಾಂಶದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ನರತುದಿಗಳನ್ನು ಕೆರಳಿಸುತ್ತವೆ. ನೋವು ಹಾಗೇ ಮುಂದುವರಿದರೆ ಬೆನ್ನುಹುರಿಯ ನರಕೋಶಗಳೂ ಸೂಕ್ಷ್ಮವಾಗಿ, ಮೆಲ್ಲಗೆ ಮುಟ್ಟಿದರೂ ಉರಿಯೆನ್ನಿಸುವ ಸ್ಥಿತಿ ಬರುತ್ತದೆ. ಹಾಗೆ ಏರಿದ ನೋವನ್ನು ಇಳಿಸುವುದು ಕಷ್ಟ, ಏರದಂತೆ ತಡೆಯುವುದು ಸುಲಭ. ಬರೆದುಕೊಟ್ಟ ಮಾತ್ರೆಯನ್ನು ನಾಯಿ ಚೆನ್ನಾಗಿ ಕಂಡಿತೆಂದು ನಡುವೆ ನಿಲ್ಲಿಸಬಾರದು ಎನ್ನುವುದು ಇದಕ್ಕೇ. ನಿದ್ದೆ, ನೆಮ್ಮದಿ ಕೆಟ್ಟರೆ ಗಾಯವೂ ತಡವಾಗಿ ಮಾಯುತ್ತದೆ. ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಅಳತೆಯ ಪುಟ್ಟ ಗಾಯ ಅವರಲ್ಲಿ ಮಾಯಲು ಉಳಿದವರಿಗಿಂತ ಸರಾಸರಿ 9 ದಿನ ಹೆಚ್ಚು ತೆಗೆದುಕೊಂಡಿತ್ತು. ಒತ್ತಡದ ಹಾರ್ಮೋನುಗಳು ನಾಯಿಯ ಮೈಯಲ್ಲೂ ಇವೆ.

ಇನ್ನೊಂದು ಎಚ್ಚರ: ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚಬಲ್ಲದು. ಮಕ್ಕಳನ್ನು ದೂರವಿಡಿ. ಗಾಯ ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ, ಅದರ ಕಣ್ಣಿಗೆ ಕಾಣುವಂತೆ ಬನ್ನಿ.

ನಮ್ಮ ಮಾತ್ರೆ ಅದಕ್ಕೆ ವಿಷ

ನರಳುವ ನಾಯಿಯನ್ನು ನೋಡಲಾಗದೆ ಮನೆಯ ಔಷಧಿ ಡಬ್ಬಿಗೆ ಕೈ ಹಾಕುವವರಿದ್ದಾರೆ. ಇದು ಆರೈಕೆಯಲ್ಲಿ ಆಗುವ ಅತಿ ದೊಡ್ಡ ತಪ್ಪು. ಉರಿಯೂತ ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್‌ಗಳ ಬಳಗವೇ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆ ನಾಯಿಯಲ್ಲಿ ಈ ಕಾವಲನ್ನೂ ಕಿತ್ತುಹಾಕುತ್ತದೆ. ಪರಿಣಾಮ ಹೊಟ್ಟೆಹುಣ್ಣು, ರಕ್ತ ಬೆರೆತ ವಾಂತಿ, ಟಾರಿನಂಥ ಕಪ್ಪು ಮಲ, ಮೂತ್ರಪಿಂಡದ ವೈಫಲ್ಯ. ಪ್ಯಾರಾಸಿಟಮಾಲ್ ಕೂಡ ಅಳತೆ ಮೀರಿದರೆ ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ. ಬೆಕ್ಕಿಗಂತೂ ಅದು ಪ್ರಾಣಾಂತಕ.

ನಾಯಿಗಳಿಗೆ ವೈದ್ಯರು ಬರೆಯುವ ಮೆಲೊಕ್ಸಿಕಾಮ್ ಮನುಷ್ಯರ ಸಂಧಿನೋವಿಗೂ ಬಳಕೆಯಲ್ಲಿದೆ. ಹೆಸರು ಒಂದೇ ಎಂದು ಅಜ್ಜಿಯ ಮಾತ್ರೆ ಕೊಡುವಂತಿಲ್ಲ. ಮನುಷ್ಯರ 15 ಮಿಲಿಗ್ರಾಂ ಮಾತ್ರೆ 10 ಕಿಲೋ ತೂಕದ ನಾಯಿಯ ದಿನದ ಪ್ರಮಾಣಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಒಂದು ಜೀವಿಗೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುವ ಪಾಠವನ್ನು ನಮ್ಮ ದೇಶ ರಣಹದ್ದುಗಳಿಂದ ಕಲಿತಿದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಳ್ಳಿತು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದಾಗ, ರಣಹದ್ದುಗಳಿಗೆ ಅಪಾಯವಿಲ್ಲದ ಬದಲಿ ಮದ್ದಾಗಿ ಬಂದದ್ದು ಇದೇ ಮೆಲೊಕ್ಸಿಕಾಮ್.

ನೆಕ್ಕಿದರೆ ಮಾಯುತ್ತದೆಯೇ?

ನಾಯಿ ತನ್ನ ಗಾಯವನ್ನು ನೆಕ್ಕಿಯೇ ವಾಸಿಮಾಡಿಕೊಳ್ಳುತ್ತದೆ ಎಂಬ ಮಾತು ಊರೂರಲ್ಲೂ ಇದೆ. ಅದರಲ್ಲಿ ಒಂದು ಕಾಳಿನಷ್ಟು ಸತ್ಯವೂ ಇದೆ. ನಾಯಿಯ ಜೊಲ್ಲಿನಲ್ಲಿರುವ ಲೈಸೊಜೈಮ್‌ನಂಥ ಪ್ರೋಟೀನುಗಳು ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಬಯಲಲ್ಲಿ ಬದುಕುವ ಪ್ರಾಣಿಗೆ ಮಣ್ಣು ಮೆತ್ತಿದ ಗಾಯವನ್ನು ತೊಳೆದುಕೊಳ್ಳಲು ಅದೊಂದೇ ದಾರಿ. ಆದರೆ ಅದೇ ಬಾಯಿಯಲ್ಲಿ ಪಾಸ್ಚುರೆಲ್ಲಾದಂಥ ಸೋಂಕುಕಾರಕಗಳೂ ನೆಲೆಸಿವೆ. ಒರಟು ನಾಲಿಗೆಯ ಉಜ್ಜಾಟಕ್ಕೆ ಹೊಸ ಚರ್ಮದ ಪದರ ಕಿತ್ತುಬರುತ್ತದೆ, ಬಾಚಿಹಲ್ಲು ದಾರವನ್ನು ಸಲೀಸಾಗಿ ಬಿಡಿಸುತ್ತದೆ. ನಾಯಿಯ ಹೊರಚರ್ಮದಲ್ಲಿ ಜೀವಕೋಶಗಳ ಪದರ ಮೂರರಿಂದ ಐದು, ಮನುಷ್ಯರಲ್ಲಿ ಹತ್ತಕ್ಕೂ ಹೆಚ್ಚು. ಅಷ್ಟು ತೆಳುವಾದ ಹೊದಿಕೆ ಅದು.

ಲಾಳಿಕೆಯಾಕಾರದ ಕಾಲರ್ ಇರುವುದು ಇದಕ್ಕಾಗಿ. ಇಂಗ್ಲೆಂಡಿನಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಕಾಲದವರು ಕೊರಳಿಗೆ ತೊಡುತ್ತಿದ್ದ ಅಗಲ ನಿರಿಗೆಪಟ್ಟಿಯನ್ನು ಹೋಲುವುದರಿಂದ ಅದಕ್ಕೆ ಎಲಿಜಬೆತನ್ ಕಾಲರ್ ಎಂದು ಹೆಸರು. ಅದರ ಅಂಚು ನಾಯಿಯ ಮೂಗಿಗಿಂತ ತುಸು ಮುಂದಿರಬೇಕು, ಕೊರಳಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು. ಕಾಲರ್ ತೊಟ್ಟ ನಾಯಿಗೆ ಪಕ್ಕದ್ದು ಕಾಣದು, ಬಾಗಿಲಿಗೆ ತಾಗಿ ಬೆದರುತ್ತದೆ. ತಟ್ಟೆಯನ್ನು ಸ್ವಲ್ಪ ಎತ್ತರದಲ್ಲಿಡಿ, ಓಡಾಡುವ ದಾರಿಯಿಂದ ಕುರ್ಚಿ, ಬಕೆಟ್ ಸರಿಸಿ. ಹೊಟ್ಟೆಯ ಗಾಯಕ್ಕೆ ವೈದ್ಯರು ಒಪ್ಪಿದರೆ ಒಗೆದ ಹತ್ತಿ ಬನಿಯನ್ನೂ ಕೆಲಸಕ್ಕೆ ಬರುತ್ತದೆ.

ಹುತ್ತದಂಥ ಗಾಯ

ನಾಯಿ ನಾಯಿ ಕಚ್ಚಾಡಿ ಆದ ಗಾಯ ಹುತ್ತದ ಹಾಗೆ. ಮೇಲೆ ಕಾಣುವುದು ಸಣ್ಣ ಬಾಯಿ, ಒಳಗೆ ದೊಡ್ಡ ಪೊಟರೆ. ನಾಯಿಯ ಚರ್ಮ ಸಡಿಲ. ಕೋರೆಹಲ್ಲು ಊರಿ ಕೊಡವಿದಾಗ ಚರ್ಮ ಹಲ್ಲಿನ ಜೊತೆ ಸರಿಯುತ್ತದೆ, ಅಡಿಯ ಸ್ನಾಯು ಹರಿಯುತ್ತದೆ. ಮೇಲಿನ ತೂತು ಎರಡೇ ದಿನದಲ್ಲಿ ಮುಚ್ಚಿ ಒಳಗೆ ಕೀವು ಕಟ್ಟುತ್ತದೆ. ಎಷ್ಟೇ ಚಿಕ್ಕದಿರಲಿ, ಕಚ್ಚಿದ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು, ರೇಬೀಸ್ ಲಸಿಕೆಯ ಮಾತನ್ನೂ ಅಲ್ಲೇ ಕೇಳಬೇಕು. ಮುಧೋಳದಂಥ ಬೇಟೆನಾಯಿಗಳ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಅವುಗಳಿಗೆ ಗಾಯ ಬೇಗ ಹರಿಯುತ್ತದೆ, ಅರಿವಳಿಕೆಯ ನಂತರ ಮೈ ಬೇಗ ತಣ್ಣಗಾಗುತ್ತದೆ. ಮೊದಲ ರಾತ್ರಿ ಕಂಬಳಿ ಅವಕ್ಕೆ ತಪ್ಪದೆ ಬೇಕು.

ತೆರೆದ ಗಾಯವನ್ನು ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬ್ಯಾಕ್ಟೀರಿಯಾದ ಜೊತೆಗೆ ಚಿಗುರುತ್ತಿರುವ ಜೀವಕೋಶಗಳನ್ನೂ ಸುಡುತ್ತವೆ. ಗಾಯ ಒಣಗಿ ಹಕ್ಕಳೆ ಕಟ್ಟಿದರೇ ಒಳ್ಳೆಯದೆಂಬ ನಂಬಿಕೆಯನ್ನು 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲಿನ ಪ್ರಯೋಗದಿಂದ ಅಲುಗಾಡಿಸಿದರು. ತೇವ ಉಳಿಸಿ ಮುಚ್ಚಿದ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಹರಡಿತ್ತು. ಬ್ಯಾಂಡೇಜು ಒದ್ದೆಯಾದರೆ, ವಾಸನೆ ಬಂದರೆ, ಕಾಲಿನ ಬೆರಳು ಬಾತರೆ ಅದನ್ನು ಬದಲಿಸಬೇಕು.

ನಮ್ಮ ಹವೆಯಲ್ಲಿ ದೊಡ್ಡ ಶತ್ರು ನೊಣ. ಸ್ಕ್ರೂವರ್ಮ್ ಜಾತಿಯ ನೊಣ ಜೀವಂತ ಪ್ರಾಣಿಯ ಗಾಯದಂಚಿನಲ್ಲಿ ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಮರಿಹುಳು ಹೊರಬಂದು ಮಾಂಸ ಕೊರೆಯುತ್ತವೆ. ಕಿವಿಯ ಹಿಂದೆ, ಬಾಲದ ಬುಡದಲ್ಲಿ ಕೂದಲಡಿ ಅಡಗಿದ ಗಾಯವನ್ನು ದಿನವೂ ಬಿಡಿಸಿ ನೋಡಬೇಕು. ಹುಳ ಬಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ. ಅವು ಮಾಂಸ ಸುಡುತ್ತವೆ, ನೆಕ್ಕಿದ ನಾಯಿಯ ಹೊಟ್ಟೆ ಸೇರುತ್ತವೆ. ಹುಳ ತೆಗೆಯುವುದು ವೈದ್ಯರ ಕೆಲಸ.

ತಟ್ಟೆಯಲ್ಲಿ ಏನಿರಬೇಕು?

ಅರಿವಳಿಕೆ ಇಳಿದ ಸಂಜೆ ಸ್ವಲ್ಪ ನೀರು, ಸ್ವಲ್ಪ ಮೆತ್ತನೆ ಅನ್ನ ಸಾಕು. ಒಂದೆರಡು ದಿನ ಮಲವಿಸರ್ಜನೆ ಆಗದಿದ್ದರೂ ಗಾಬರಿ ಬೇಡ. ತೋಳಕ್ಕಿಲ್ಲದ ಒಂದು ಅನುಕೂಲ ನಾಯಿಗಿದೆ. ಪಿಷ್ಟ ಜೀರ್ಣಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳದಲ್ಲಿ ಎರಡಿದ್ದರೆ ಬಹುಪಾಲು ನಾಯಿಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಮನುಷ್ಯರ ಅನ್ನ ಉಂಡು ಬೆಳೆದ ಸಾವಿರಾರು ವರ್ಷಗಳ ಗುರುತು ಅದು. ಹಾಗಾಗಿ ಮೊಸರನ್ನ ಒಗ್ಗುತ್ತದೆ. ಆದರೆ ಕೊಲಾಜನ್ ನೇಯಲು ಬೇಕಾದ ನೂಲು ಪ್ರೋಟೀನು. ಎರಡನೇ ದಿನದಿಂದ ಬೇಯಿಸಿದ ಮೊಟ್ಟೆ, ಕೋಳಿ ಸೇರಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಕೆಲವು ಲಕ್ಷಣ ಕಂಡರೆ ಬೆಳಗಾಗುವವರೆಗೂ ಕಾಯಬಾರದು. ಒಸಡು ಬಿಳಿಚಿದ್ದರೆ, ಅದನ್ನು ಬೆರಳಿನಿಂದ ಒತ್ತಿ ಬಿಟ್ಟ ಮೇಲೆ 2 ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ರಕ್ತ ಒಳಗೆ ಸೋರುತ್ತಿರಬಹುದು. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 103 ದಾಟಿದರೆ ಸೋಂಕಿನ ಶಂಕೆ. ಮಲಗಿರುವಾಗಲೂ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು, ಗಾಯದಿಂದ ದುರ್ವಾಸನೆ ಅಥವಾ ಕೀವು, ಹೊಲಿಗೆಯ ನಡುವೆ ಸಂದು, ನಿಲ್ಲದ ವಾಂತಿ, ಒಂದು ದಿನ ಪೂರ್ತಿ ಅನ್ನ ಮುಟ್ಟದಿರುವುದು, ಇವೆಲ್ಲ ತಕ್ಷಣ ಫೋನ್ ಮಾಡಬೇಕಾದ ಸಂಗತಿಗಳು.

ನಿಮ್ಮ ಬೀದಿಯಲ್ಲಿ ಕಿವಿಯ ತುದಿ ಕತ್ತರಿಸಿದ ನಾಯಿ ಕಂಡಿರಬಹುದು. ಸಂತಾನಹರಣ ಚಿಕಿತ್ಸೆಯಾಗಿದೆ ಎನ್ನುವ ಗುರುತು ಅದು. ಅದು ಹೆಣ್ಣುನಾಯಿಯಾದರೆ ಅದರ ಹೊಟ್ಟೆಯಲ್ಲೂ ಇಂಥದೇ ಗೆರೆ, ಇಂಥದೇ ಹೊಲಿಗೆ ಇತ್ತು. ಇತ್ತೀಚೆಗೆ ಬಿಟ್ಟುಹೋದದ್ದಾದರೆ ಅಟ್ಟಿಸಬೇಡಿ, ಒಂದು ಬಟ್ಟಲು ನೀರಿಡಿ, ಹೊಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಮನೆಯ ನಾಯಿಯಾದರೆ, ಐದನೇ ದಿನ ಅದು ಎಷ್ಟೇ ಕುಣಿದರೂ ಕಾಲರ್ ಬಿಚ್ಚಬೇಡಿ, ಹಗ್ಗ ಸಡಿಲಿಸಬೇಡಿ, ಮಾತ್ರೆ ನಿಲ್ಲಿಸಬೇಡಿ. ವೈದ್ಯರು ಹೊಲಿಗೆ ನೋಡಿ ‘ಇನ್ನು ಸಾಕು’ ಎನ್ನುವ ತನಕ ಕಾಯಿರಿ.