ಕೈಯ ಚಲನೆಯೂ ಯಂತ್ರದ ವಿಳಂಬವೂ

ಬೇಸಿಗೆಯ ರಜೆಯನ್ನು ತೀರಿಸಿಕೊಂಡು ಬಂದ ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, ಥ್ರೋಬಾಲ್ ತಂಡದ ಪಟ್ಟಿಯಿಂದ ತನ್ನ ಹೆಸರನ್ನು ತೆಗೆಯಬೇಕೆಂದು ನಮ್ಮಲ್ಲಿ ಬೇಡಿಕೊಂಡಳು. ಕಾರಣವೇನೆಂದು ವಿಚಾರಿಸಲಾಗಿ, “ಅಮ್ಮನವರೇ, ನನ್ನ ಕೈ ಮಂದವಾದುದು, ಯಂತ್ರವೇ ಅದನ್ನು ತೋರಿಸಿಕೊಟ್ಟಿತು” ಎಂದು ಕಣ್ಣೀರು ತುಂಬಿಕೊಂಡಳು. ಅವಳ ದೊಡ್ಡಪ್ಪನ ಮನೆಯಲ್ಲಿ ಮೈಯ ಚಲನೆಯನ್ನು ನೋಡಿ ಆಟವಾಡಿಸುವ ಯಂತ್ರವೊಂದುಂಟು. ಅದರ ಮುಂದೆ ನಿಂತು ಗುದ್ದಾಟವಾಡುವಾಗ ಪರದೆಯ ಮೇಲಿನ ಗೊಂಬೆಯು ಪ್ರತಿಸಲವೂ ಇವಳ ಕೈ ಹೋದ ಮೇಲೆಯೇ ಕೈಯೆತ್ತುತ್ತಿತ್ತಂತೆ. ಅಣ್ಣನು ನಕ್ಕನು, ಇವಳು ನಂಬಿದಳು. ಈ ತಡವು ಯಾರದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಇಂಥ ಯಂತ್ರಗಳಲ್ಲಿ ಎರಡು ಜಾತಿಗಳುಂಟು. ನಿಂಟೆಂಡೊ ಸಂಸ್ಥೆಯವರು 2006ರಲ್ಲಿ ಹೊರತಂದ ‘ವೀ’ ಎಂಬುದರಲ್ಲಿ ಆಡುವವರು ಒಂದು ಕೋಲನ್ನು ಕೈಯಲ್ಲಿ ಹಿಡಿಯುವರು. ವೇಗದ ಏರಿಳಿತವನ್ನು ಅಳೆಯುವ ಒಂದು ಸಣ್ಣ ಉಪಕರಣವು ಆ ಕೋಲಿನೊಳಗೇ ಇದ್ದು, ತಾನು ಕಂಡುದನ್ನು ತಂತಿಯಿಲ್ಲದೆ ಯಂತ್ರಕ್ಕೆ ತಿಳಿಸುವುದು. ಮೈಕ್ರೋಸಾಫ್ಟ್ ಸಂಸ್ಥೆಯವರು 2010ರ ನವೆಂಬರಿನಲ್ಲಿ ಹೊರತಂದ ‘ಕಿನೆಕ್ಟ್’ ಎಂಬುದರಲ್ಲಾದರೋ ಕೈಯಲ್ಲಿ ಏನನ್ನೂ ಹಿಡಿಯಬೇಕಾದುದಿಲ್ಲ. ಕಣ್ಣಿಗೆ ಕಾಣದ ಕೆಂಪಾಚೆಯ ಕಿರಣಗಳನ್ನು ಚುಕ್ಕೆಚುಕ್ಕೆಯಾಗಿ ಕೊಠಡಿಯಲ್ಲೆಲ್ಲಾ ಚೆಲ್ಲಿ, ಆ ಚುಕ್ಕೆಗಳು ಎಲ್ಲೆಲ್ಲಿ ಬಿದ್ದಿವೆಯೆಂಬುದನ್ನು ಕ್ಯಾಮರಾದಿಂದ ನೋಡಿ, ಯಾವ ವಸ್ತು ಎಷ್ಟು ದೂರದಲ್ಲಿದೆಯೆಂದು ಅದು ಲೆಕ್ಕಹಾಕುವುದು. ಇದರ ತಯಾರಿಕೆಯು 2017ರಲ್ಲಿ ನಿಂತುಹೋದರೂ, ವಿಷಯವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆಯು ನಮಗೆ ದೊರೆಯದು.

ಹುಡುಗಿಯೊಬ್ಬಳು ಕಿನೆಕ್ಟಿನ ಮುಂದೆ ಕೈ ಬೀಸಿದಳೆಂದಿಟ್ಟುಕೊಳ್ಳಿರಿ. ಕ್ಯಾಮರಾವು ಸೆಕೆಂಡಿಗೆ 30 ಚಿತ್ರಗಳನ್ನು ಮಾತ್ರ ತೆಗೆಯುವುದು. ಎಂದರೆ ಎರಡು ಚಿತ್ರಗಳ ನಡುವೆ ಸುಮಾರು 33 ಮಿಲಿಸೆಕೆಂಡುಗಳು ಕಳೆಯುವುವು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಮಿಲಿಸೆಕೆಂಡು. ಒಂದು ಚಿತ್ರವು ತೆಗೆಯಲ್ಪಟ್ಟ ಮರುಕ್ಷಣದಲ್ಲಿ ಅವಳು ಕೈಯನ್ನು ಚಲಿಸಿದರೆ, ಮುಂದಿನ ಚಿತ್ರದ ವರೆಗೆ ಆ ಚಲನೆಯು ಯಂತ್ರಕ್ಕೆ ಇಲ್ಲದ ಹಾಗೆಯೇ. ಚಿತ್ರವು ಬಂದ ಮೇಲೆ ಅದರ ಪ್ರತಿಯೊಂದು ಚುಕ್ಕೆಯನ್ನೂ ಪರೀಕ್ಷಿಸಿ, ಇದು ತಲೆ, ಇದು ಮೊಣಕೈ, ಇದು ಅಂಗೈ ಎಂದು ವಿಂಗಡಿಸಬೇಕು. ಅನಂತರ ಆಟದ ಲೆಕ್ಕ, ಗೊಂಬೆಯ ಹೊಸ ಚಿತ್ರದ ರಚನೆ. ಕೊನೆಗೆ ಟೆಲಿವಿಷನ್ನು ತನ್ನ ಪಾಲಿಗೆ ಆ ಚಿತ್ರವನ್ನು ತಿದ್ದಿ ಹೊಳಪುಗೊಳಿಸಲು ಇನ್ನಷ್ಟು ಕಾಲವನ್ನು ತೆಗೆದುಕೊಳ್ಳುವುದು. ಎಲ್ಲವೂ ಕೂಡಿ ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಮೀರಿಹೋಗುವುದು. ಇದು ಅಲ್ಪವೆಂದು ತೋರಬಹುದು. ಆದರೆ ಸೆಕೆಂಡಿಗೆ ಎರಡು ಮೀಟರಿನಂತೆ ಚಲಿಸುವ ಕೈಯು ಅಷ್ಟರೊಳಗೆ 20 ಸೆಂಟಿಮೀಟರು ಮುಂದೆ ಹೋಗಿರುವುದು. ಗೊಂಬೆಯ ಕೈಯು ಹಿಂದೆಯೇ ಉಳಿಯುವುದರಲ್ಲಿ ಆಶ್ಚರ್ಯವೇನು?

ಇನ್ನೊಂದು ತಡವುಂಟು, ಅದು ಯಂತ್ರದ ಎಚ್ಚರಿಕೆಯಿಂದ ಹುಟ್ಟಿದುದು. ಆಡುವವರು ಅಲುಗದೆ ನಿಂತಿದ್ದರೂ ಯಂತ್ರದ ಅಳತೆಯು ಅತ್ತಿತ್ತ ನಡುಗುವುದುಂಟು. ಈ ನಡುಕವನ್ನು ಮರೆಮಾಡಲು ಕೊನೆಯ ಕೆಲವು ಅಳತೆಗಳ ಸರಾಸರಿಯನ್ನು ಹಿಡಿಯುವರು. ಸರಾಸರಿಯ ಗುಣವನ್ನು ಉಪಾಧ್ಯಾಯಿನಿಯರಾದ ನಾವು ಚೆನ್ನಾಗಿ ಬಲ್ಲೆವು. ಮೂರು ಪರೀಕ್ಷೆಗಳಲ್ಲಿ 40 ಅಂಕಗಳನ್ನು ಪಡೆದವಳು ಕಷ್ಟಪಟ್ಟು ಓದಿ ನಾಲ್ಕನೆಯದರಲ್ಲಿ 80ನ್ನು ಪಡೆದರೂ, ಅಂಕಪುಸ್ತಕದಲ್ಲಿ ಅವಳ ಸರಾಸರಿಯು 50 ಮಾತ್ರವೇ! ಹುಡುಗಿ ಮುಂದೆ ಹೋದಳು. ಪುಸ್ತಕವು ಅದನ್ನು ಇನ್ನೂ ಕಾಣದು. ಯಂತ್ರದಲ್ಲಿಯೂ ಹೀಗೆಯೇ: ಸರಾಸರಿಗೆ ಹೆಚ್ಚು ಅಳತೆಗಳನ್ನು ಸೇರಿಸಿದಷ್ಟು ಗೊಂಬೆಯು ನಿಶ್ಚಲವಾಗಿ ನಿಲ್ಲುವುದು, ಅಷ್ಟೇ ಹಿಂದೆಯೂ ಬೀಳುವುದು. ಕೈಯು ಮುಂದೆ ಎಲ್ಲಿರಬಹುದೆಂದು ಊಹಿಸಿ ತೋರಿಸುವ ಉಪಾಯವೂ ಇದೆ. ಆದರೆ ಕೈಯು ತಟ್ಟನೆ ನಿಂತರೆ ಊಹೆಯು ನಿಲ್ಲದೆ ಮುಂದಕ್ಕೆ ಹಾರಿಬಿಡುವುದು.

ಕಣ್ಣಿನಿಂದ ಕಂಡು ಕೈಯೆತ್ತಲು ಮನುಷ್ಯರಿಗೇ ಸೆಕೆಂಡಿನ ಐದನೆಯ ಒಂದು ಪಾಲು ಹಿಡಿಯುವಾಗ, ಯಂತ್ರದ ಈ ಸ್ವಲ್ಪ ತಡವು ಗೊತ್ತಾಗುವುದಾದರೂ ಹೇಗೆಂದು ಕೆಲವರು ಕೇಳಬಹುದು. ಉತ್ತರವೇನೆಂದರೆ, ನಮ್ಮ ಕೈಯನ್ನು ನಾವು ನೋಡಿ ತಿಳಿಯುವುದಿಲ್ಲ. ಅದು ಯಾವಾಗ ಹೊರಡುವುದೆಂದು ನಮಗೆ ಮೊದಲೇ ತಿಳಿದಿದೆ. ಆದುದರಿಂದ ಕಣ್ಣಿನ ಸಾಕ್ಷಿಯು ಸ್ವಲ್ಪ ಹಿಂದಾದರೂ ಮನಸ್ಸು ಅದನ್ನು ಹಿಡಿದುಬಿಡುವುದು. ತಲೆಗೆ ಧರಿಸಿ ನೋಡುವ ಯಂತ್ರಗಳನ್ನು ರಚಿಸುವವರು ಇದೇ ಕಾರಣದಿಂದ ಒಟ್ಟು ತಡವು 20 ಮಿಲಿಸೆಕೆಂಡನ್ನು ಮೀರಬಾರದೆಂದು ಪ್ರಯತ್ನಿಸುವರು. ಮೀರಿದರೆ ತಲೆಸುತ್ತು, ಓಕರಿಕೆ.

ಎಲ್ಲಾ ಆಟಗಳಿಗೂ ತಡವು ಸಮನಾದ ಬಾಧೆಯನ್ನು ಕೊಡದು. ‘ಕಿನೆಕ್ಟ್ ಸ್ಪೋರ್ಟ್ಸ್’ ಎಂಬ 2010ರ ಆಟದಲ್ಲಿ ಚೆಂಡುರುಳಿಸುವ ಬೌಲಿಂಗೂ ಇದೆ, ಗುದ್ದಾಟವೂ ಇದೆ. ಚೆಂಡನ್ನು ಉರುಳಿಸಿ ಬಿಟ್ಟ ಮೇಲೆ ಅದು ಹೋಗಿ ಗುರಿಯನ್ನು ತಾಗುವ ವರೆಗೆ ಆಡುವವರು ಹೇಗೂ ಕಾಯುವರು; ಆ ಕಾಯುವಿಕೆಯಲ್ಲಿ ತಡವು ಅಡಗಿಹೋಗುವುದು. ಗುದ್ದಾಟದಲ್ಲಿ ಅಡಗಲು ಸ್ಥಳವಿಲ್ಲ. ಅದೇ ವರ್ಷದ ‘ಡ್ಯಾನ್ಸ್ ಸೆಂಟ್ರಲ್’ ಎಂಬ ನೃತ್ಯದ ಆಟದಲ್ಲಿ ಮುಂದಿನ ಹೆಜ್ಜೆಯನ್ನು ಮೊದಲೇ ತೋರಿಸುವುದರಿಂದ, ಆಡುವವರು ತಾಳಕ್ಕೆ ಸರಿಯಾಗಿ ಹೆಜ್ಜೆಯಿಟ್ಟರೆ ಸಾಕು. ಯಂತ್ರವು ತನ್ನ ತಡವನ್ನು ಕಳೆದು ಎಣಿಸಿಕೊಳ್ಳಬಹುದು. ಇದು ನಮಗೆ ಬಹಳ ನ್ಯಾಯವಾದ ಏರ್ಪಾಡಾಗಿ ಕಾಣುತ್ತದೆ.

ಇಷ್ಟನ್ನು ಬರೆಯುವಾಗ ನಮ್ಮದೇ ಒಂದು ತಪ್ಪು ನೆನಪಿಗೆ ಬರುತ್ತದೆ. ಅನೇಕ ವರ್ಷಗಳ ಹಿಂದೆ ಡ್ರಿಲ್ ಮಾಡಿಸುವಾಗ, ಮೈದಾನದ ಆಚೆಯ ತುದಿಯ ಸಾಲಿನವರು ಸೀಟಿಗೆ ತಡವಾಗಿ ಚಪ್ಪಾಳೆ ತಟ್ಟುವರೆಂದು ದಿನವೂ ಗದರಿಸುತ್ತಿದ್ದೆವು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದು. 34 ಮೀಟರಿನಾಚೆ ನಿಂತವರಿಗೆ ಸೀಟಿಯು ತಲಪಲು ಸೆಕೆಂಡಿನ ಹತ್ತನೆಯ ಒಂದು ಪಾಲು, ಅವರ ಚಪ್ಪಾಳೆಯು ನಮ್ಮನ್ನು ತಲಪಲು ಅಷ್ಟೇ. ವಿಜ್ಞಾನದ ತರಗತಿಯಲ್ಲಿ ಇದನ್ನೇ ಕಲಿಸುತ್ತಿದ್ದ ನಮಗೆ ಮೈದಾನದಲ್ಲಿ ಅದು ಹೊಳೆಯಲಿಲ್ಲ.

ಆ ವಿದ್ಯಾರ್ಥಿನಿಗೆ ಸಮಾಧಾನದ ಮಾತನ್ನು ಹೇಳುವುದಕ್ಕಿಂತ ಅಳೆದು ನೋಡಲು ಹೇಳಿದೆವು. ಈಗಿನ ಅನೇಕ ಮೊಬೈಲ್ ಫೋನುಗಳು ಸೆಕೆಂಡಿಗೆ 240 ಚಿತ್ರಗಳನ್ನು ತೆಗೆಯಬಲ್ಲವು. ಕೈಯೂ ಪರದೆಯೂ ಒಟ್ಟಿಗೆ ಕಾಣುವಂತೆ ಫೋನನ್ನಿಟ್ಟು, ಕೈ ಹೊರಟ ಚಿತ್ರದಿಂದ ಗೊಂಬೆಯ ಕೈ ಹೊರಟ ಚಿತ್ರದ ವರೆಗೆ ಎಣಿಸಬೇಕು. ದಸರಾ ರಜೆಯಲ್ಲಿ ಅವಳು ಎಣಿಸಿದಳು: 38. ಟೆಲಿವಿಷನ್ನಿನಲ್ಲಿ ಆಟಕ್ಕೆಂದೇ ಇರುವ ‘ಗೇಮ್ ಮೋಡ್’ ಎಂಬುದನ್ನು ಹಾಕಿದ ಮೇಲೆ 26. ಎಂದರೆ ಸುಮಾರು 158 ಮಿಲಿಸೆಕೆಂಡಿನ ತಡದಲ್ಲಿ 50 ಟೆಲಿವಿಷನ್ನಿನ ಅಲಂಕಾರಕ್ಕೆ ಹೋಗುತ್ತಿತ್ತು. ಉಳಿದುದನ್ನು ಮನೆಯಲ್ಲಿ ಕಡಿಮೆ ಮಾಡುವ ಉಪಾಯವಿಲ್ಲ. ಆಮೇಲೆ ಅಣ್ಣನ ಕೈಯನ್ನೂ ಹಾಗೆಯೇ ಎಣಿಸಿದಳು. ಅವನಿಗೂ 26. ಅವನು ಗೆಲ್ಲುತ್ತಿದ್ದುದು, ಎದುರಾಳಿಯ ಗೊಂಬೆಯು ಕೈಯೆತ್ತುವುದಕ್ಕೆ ಮುಂಚೆಯೇ ತನ್ನ ಕೈಯನ್ನು ಬೀಸಲು ಅಭ್ಯಾಸಮಾಡಿಕೊಂಡಿದ್ದುದರಿಂದ.